ಕೊಡಗಿನ ಮನೆಗೊಂದು ಚಿಕ್ಕ ಸೌಂಡ್ ಸಿಸ್ಟಂ: ಅನುಕೂಲ ಎಷ್ಟು, ಧ್ವನಿ ಎಷ್ಟು

ಬ್ಲೂಟೂತ್ ಡಬ್ಬಿಯೊಂದು ಸಾಕೋ, ಆಂಪ್ಲಿಫಯರ್ ಜೊತೆ ಎರಡು ಸ್ಪೀಕರ್ ಬೇಕೋ ಎಂಬ ಪ್ರಶ್ನೆಗೆ ಬೆಂಗಳೂರಿನ ಫ್ಲ್ಯಾಟಿನಲ್ಲಿ ಸಿಗುವ ಉತ್ತರವೇ ಬೇರೆ, ಕೊಡಗಿನ ನಾಪೋಕ್ಲಿನ ಹಂಚಿನ ಮನೆಯಲ್ಲಿ ಸಿಗುವ ಉತ್ತರವೇ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಾಡಿನ ಮೇಲೆ ಸುರಿಯುವ ಮಳೆಯ ಸದ್ದೇ ಅರ್ಧ ಹಾಡನ್ನು ನುಂಗುತ್ತದೆ. ತಂತಿಯ ಮೇಲೆ ಮರ ಬಿದ್ದರೆ ಕರೆಂಟ್ ಬರಲು ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಟವರ್‌ನ ಬ್ಯಾಟರಿಯೂ ಮುಗಿದು ನೆಟ್ ಹೋಗಿರುತ್ತದೆ. ಅಂಗಡಿಯಲ್ಲಿ 'ಅನುಕೂಲ' ಎಂದು ತೋರಿಸುವ ಬಹುಪಾಲು ಸಂಗತಿಗಳು ಈ ಕರೆಂಟನ್ನೂ ನೆಟ್ಟನ್ನೂ ನಂಬಿಕೊಂಡೇ ಇವೆ.

ಅದಕ್ಕೇ ಮೊದಲಿಗೇ ಹೇಳಿಬಿಡುತ್ತೇವೆ: ಮುಖ್ಯ ಕೋಣೆಗೆ ಕೊಳ್ಳುವಾಗ ಧ್ವನಿ ಕೊಡುವ ಭಾಗವನ್ನೂ ಅನುಕೂಲ ಕೊಡುವ ಭಾಗವನ್ನೂ ಒಂದೇ ಡಬ್ಬಿಯಲ್ಲಿ ಕೊಳ್ಳಬೇಡಿ. ಚೆನ್ನಾಗಿ ಇಟ್ಟುಕೊಂಡ ಸ್ಪೀಕರ್ 20 ವರ್ಷ ಬಾಳುತ್ತದೆ. ಆ್ಯಪ್, ವೈಫೈ, ಬ್ಲೂಟೂತ್ ಚಿಪ್‌ಗಳು ಅದಕ್ಕಿಂತ ಬಹಳ ಮೊದಲೇ ಹಳತಾಗುತ್ತವೆ. ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೋ, ಅಂದರೆ ವೈಫೈನಲ್ಲಿ ಬರುವ ಹಾಡನ್ನು ಸ್ಪೀಕರಿಗೆ ತಲುಪಿಸುವ ಪುಟ್ಟ ಬಿಲ್ಲೆ, 2015ರಲ್ಲಿ ಬಂತು, 2019ರ ಹೊತ್ತಿಗೆ ಅದರ ತಯಾರಿಕೆ ನಿಂತಿತು. 2025ರ ಮಾರ್ಚ್‌ನಲ್ಲಿ ಒಳಗಿನ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದು, ಸರಿಪಡಿಸುವವರೆಗೆ ಕೆಲವು ದಿನ ಕೆಲಸವನ್ನೇ ನಿಲ್ಲಿಸಿತು. ಆದರೆ ಅದಕ್ಕೆ ಜೋಡಿಸಿದ್ದ ಸ್ಪೀಕರ್‌ಗಳಿಗೆ ಏನೂ ಆಗಿರಲಿಲ್ಲ. ಪಿನ್ ಕಿತ್ತು ಬೇರೆ ಫೋನಿಗೆ ಚುಚ್ಚಿದರೆ ಹಾಡು ಮುಂದುವರಿಯುತ್ತಿತ್ತು. ಎಲ್ಲವೂ ಒಂದೇ ಡಬ್ಬಿಯಲ್ಲಿದ್ದಿದ್ದರೆ ಆ ದಾರಿ ಇರುತ್ತಿರಲಿಲ್ಲ.

ಕೊಳ್ಳುವ ಮೊದಲು ಕೋಣೆ ಅಳೆಯಿರಿ

ಟೇಪ್ ಹಿಡಿದು ಕೋಣೆಯ ಉದ್ದ, ಅಗಲ, ಎತ್ತರ ಬರೆದುಕೊಳ್ಳಿ. ಕೂರುವ ಜಾಗಕ್ಕೂ ಸ್ಪೀಕರ್ ಇಡುವ ಜಾಗಕ್ಕೂ ಎಷ್ಟು ದೂರ ಎಂಬುದನ್ನೂ ಬರೆದುಕೊಳ್ಳಿ. ಆಮೇಲೆ ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ. ಮರದ ಮುಚ್ಚಿಗೆಯ ಹಳೆ ಕೋಣೆಯಲ್ಲಿ ಸದ್ದು ಅಲ್ಲೇ ಮುಗಿಯುತ್ತದೆ. ಟೈಲ್ಸ್ ನೆಲ, ದೊಡ್ಡ ಗಾಜಿನ ಕಿಟಕಿ ಇರುವ ಆರ್‌ಸಿಸಿ ಮನೆಯಲ್ಲಾದರೆ ಚಪ್ಪಾಳೆಗೆ 'ಝಿಂಗ್' ಎಂಬ ಬಾಲ ಅಂಟಿಕೊಳ್ಳುತ್ತದೆ. ಆ ಬಾಲ ಇರುವ ತನಕ ಎಷ್ಟು ಬೆಲೆಯ ಸ್ಪೀಕರ್ ತಂದರೂ ಮಾತು ಸ್ಪಷ್ಟವಾಗದು. ಸ್ಪೀಕರ್‌ಗೂ ಕುರ್ಚಿಗೂ ನಡುವೆ ಒಂದು ದಪ್ಪ ಜಮಖಾನ, ಗಾಜಿಗೆ ನೆರಿಗೆಯ ಪರದೆ, ಬೋಳು ಗೋಡೆಗೆ ಒಂದು ಪುಸ್ತಕದ ಕಪಾಟು ಇಟ್ಟರೆ ಬಾಲ ಬಹುಪಾಲು ಹೋಗುತ್ತದೆ. ಈ ಖರ್ಚನ್ನು ಸಿಸ್ಟಂನ ಬಜೆಟ್ಟಿನಲ್ಲೇ ಸೇರಿಸಿಕೊಳ್ಳಿ.

ಬೇಸ್ ಗುಮ್ಮೆನ್ನುವುದಕ್ಕೆ ಸಾಮಾನ್ಯವಾಗಿ ಕೋಣೆಯೇ ಕಾರಣ, ಸ್ಪೀಕರ್ ಅಲ್ಲ. 343ನ್ನು (ಸದ್ದು ಒಂದು ಸೆಕೆಂಡಿಗೆ ಸಾಗುವಷ್ಟು ಮೀಟರ್) ಕೋಣೆಯ ಉದ್ದದ (ಮೀಟರಿನಲ್ಲಿ) ಎರಡರಷ್ಟರಿಂದ ಭಾಗಿಸಿ. 12 ಅಡಿ, ಅಂದರೆ 3.66 ಮೀಟರ್ ಉದ್ದಕ್ಕೆ ಸುಮಾರು 47 ಹರ್ಟ್ಸ್ ಬರುತ್ತದೆ, 10 ಅಡಿಗೆ 56. ಆ ಕಂಪನಾಂಕದ ಸ್ವರ ಎರಡು ಗೋಡೆಗಳ ನಡುವೆ ನಿಂತು ಊದಿಕೊಳ್ಳುತ್ತದೆ. ಉದ್ದ ಅಗಲ ಎರಡೂ 10 ಅಡಿ ಇರುವ ಚೌಕ ಕೋಣೆಯಲ್ಲಿ ಎರಡು ಊತಗಳೂ ಒಂದೇ ಕಡೆ ಬಿದ್ದು ಹಾಡೆಲ್ಲ 'ಬೂಂ' ಆಗುತ್ತದೆ. ಅಂಥ ಕೋಣೆಗೆ ಬರಿ ಬೇಸಿಗೆಂದೇ ಇರುವ ಸಬ್‌ವೂಫರ್ ತರಲೇಬೇಡಿ.

ಈಗ ಮಳೆಯ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಇಲ್ಲಿನ ಮನೆಗಳಲ್ಲಿ ಸಿಸ್ಟಂ ಸೋಲುವುದು ಹೆಚ್ಚಾಗಿ ಇಲ್ಲೇ. ಫೋನಿಗೆ ಸದ್ದು ಅಳೆಯುವ ಉಚಿತ ಆ್ಯಪ್ ಹಾಕಿಕೊಂಡು, ಮಳೆಯಿಲ್ಲದ ರಾತ್ರಿ ಒಮ್ಮೆ, ಜೋರು ಮಳೆಯಲ್ಲಿ ಒಮ್ಮೆ, ಕೂರುವ ಜಾಗದಲ್ಲೇ ಅಳೆಯಿರಿ. ಫೋನ್ ತೋರಿಸುವ ಅಂಕಿ ಖಚಿತವಲ್ಲ, ಆದರೆ ಎರಡು ಅಂಕಿಗಳ ನಡುವಿನ ವ್ಯತ್ಯಾಸವನ್ನು ನಂಬಬಹುದು. ತಗಡಿನ ಶೀಟಿನ ಕೆಳಗೆ ಆ ವ್ಯತ್ಯಾಸ ಹಂಚಿಗಿಂತ ಹೆಚ್ಚು, ಕಾಂಕ್ರೀಟಿನ ಕೆಳಗೆ ಕಡಿಮೆ. ಮಳೆಯ ಮೇಲೆ ಹಾಡು ಕೇಳಬೇಕೆಂದರೆ ವಾಲ್ಯೂಮನ್ನು 10 ಡೆಸಿಬಲ್ ಏರಿಸಬೇಕು ಎಂದಿಟ್ಟುಕೊಳ್ಳಿ. ಕಿವಿಗೆ ಅದು ಎರಡರಷ್ಟು ಎನಿಸುತ್ತದೆ. ಆಂಪ್ಲಿಫಯರ್ ಮಾತ್ರ 10 ಪಟ್ಟು ವಾಟ್ ಕೊಡಬೇಕಾಗುತ್ತದೆ.

ಉದಾಹರಣೆಗೆ 85 ಡೆಸಿಬಲ್ ಸೆನ್ಸಿಟಿವಿಟಿಯ (1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಸಿಗುವ ಸದ್ದು) ಎರಡು ಸ್ಪೀಕರ್, ಎರಡೂವರೆ ಮೀಟರ್ ದೂರ. ಒಣ ರಾತ್ರಿಯಲ್ಲಿ ಸರಾಸರಿ 75 ಡೆಸಿಬಲ್‌ಗೆ ಕಾಲು ವಾಟೂ ಬೇಡ. ಮೃದಂಗದ ಒಂದು ಪೆಟ್ಟು ಸರಾಸರಿಗಿಂತ 15 ಡೆಸಿಬಲ್ ಮೇಲೆ ಹೋದರೂ ಚಾನೆಲ್‌ಗೆ, ಅಂದರೆ ಒಂದೊಂದು ಸ್ಪೀಕರಿಗೆ, ಸುಮಾರು 5 ವಾಟ್ ಸಾಕು. ಮಳೆಗೆಂದು 10 ಡೆಸಿಬಲ್ ಏರಿಸಿದಿರೋ, ಅದೇ ಪೆಟ್ಟಿಗೆ 50 ವಾಟ್ ಬೇಕು. 10 ವಾಟಿನ ಪುಟ್ಟ ಡಬ್ಬಿ ಅಲ್ಲಿ ಒಡೆದು ಕೂಗುತ್ತದೆ. ಬೇಸಿಗೆಯಲ್ಲಿ ಮನಸ್ಸಿಗೆ ಹಿಡಿಸಿದ ಅದೇ ಡಬ್ಬಿ ಜುಲೈನಲ್ಲಿ ಕರ್ಕಶ ಎನಿಸುವುದಕ್ಕೆ ಕಾರಣ ಇಷ್ಟೇ.

ಚಿಕ್ಕದು, ಆಳದ ಬೇಸ್, ಜೋರು ಸದ್ದು: ಮೂರರಲ್ಲಿ ಎರಡು ಮಾತ್ರ

ಸ್ಪೀಕರ್ ಪೆಟ್ಟಿಗೆ ಮಾಡುವವರಿಗೆಲ್ಲ ಗೊತ್ತಿರುವ ಒಂದು ಗಟ್ಟಿ ನಿಯಮವಿದೆ. ಅಮೆರಿಕದ ಕೆಎಲ್‌ಎಚ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಹಾಫ್‌ಮನ್ ಅವರ ಹೆಸರಿನಲ್ಲೇ ಅದು ಪ್ರಸಿದ್ಧ. ಪೆಟ್ಟಿಗೆ ಚಿಕ್ಕದಿರಬೇಕು, ಬೇಸ್ ಆಳಕ್ಕಿಳಿಯಬೇಕು, ಕಡಿಮೆ ವಾಟಿಗೆ ಜೋರಾಗಿ ನುಡಿಯಬೇಕು. ಈ ಮೂರರಲ್ಲಿ ಎರಡನ್ನು ಆರಿಸಿಕೊಂಡರೆ ಮೂರನೆಯದನ್ನು ಬಿಡಲೇಬೇಕು. ಬಿಬಿಸಿ 1970ರ ದಶಕದಲ್ಲಿ ಪ್ರಸಾರ ವ್ಯಾನ್‌ಗಳೊಳಗೆ ಇಡಲು ರೂಪಿಸಿದ ಎಲ್‌ಎಸ್3/5ಎ ಸ್ಪೀಕರ್ ಇದಕ್ಕೆ ಒಳ್ಳೆಯ ನಿದರ್ಶನ. ಸುಮಾರು 5 ಲೀಟರಿನ ಪೆಟ್ಟಿಗೆ, ಅಂಗೈ ಅಗಲದ ವೂಫರ್ (ತಗ್ಗಿನ ಸ್ವರಕ್ಕೆ ಅಲುಗುವ ದೊಡ್ಡ ಕೋನ್), ಮಾತು ಮಾತ್ರ ಎದುರಿಗೆ ಕೂತು ಆಡಿದಂತೆ. ಅದಕ್ಕೆ ತೆತ್ತ ಬೆಲೆ ಸೆನ್ಸಿಟಿವಿಟಿ: 83 ಡೆಸಿಬಲ್‌ನ ಆಸುಪಾಸು. ತೀರ ತಗ್ಗಿನ ಬೇಸ್ ಕೂಡ ಅದರಿಂದ ಬಾರದು.

ಹಾಗಾದರೆ ವೂಫರ್ ಎಷ್ಟಿರಬೇಕು? ಒಳ್ಳೆಯ ಪೆಟ್ಟಿಗೆಯಲ್ಲಿ 3 ಇಂಚಿನದು 90–100 ಹರ್ಟ್ಸ್ ತನಕ ಇಳಿಯುತ್ತದೆ, 5 ಇಂಚಿನದು 55–60, ಆರೂವರೆ ಇಂಚಿನದು 45ರ ಹತ್ತಿರ. ಗಂಡುದನಿಯ ಬುಡ 100ರ ಸುತ್ತಮುತ್ತ ಇರುವುದರಿಂದ ವಾರ್ತೆ, ಹರಿಕಥೆ, ಹಳೆಯ ಚಿತ್ರಗೀತೆಗೆ 4 ಇಂಚು ಸಾಕು. ಚೆಂಡೆ, ತಬಲಾದ ಡಗ್ಗಾ, ಸಿನಿಮಾ ಬೇಕೆಂದರೆ 5 ಇಂಚಿನಿಂದ ಶುರು ಮಾಡಿ.

ಯಾವುದು ಎಲ್ಲಿಗೆ

ಒಂಟಿ ಬ್ಲೂಟೂತ್ ಸ್ಪೀಕರ್ ಅಡುಗೆಮನೆಗೆ, ಜಗಲಿಗೆ, ಕಾಫಿ ಕಣದ ಬದಿಗೆ ಸರಿ. ಅಲ್ಲಿ ಯಾರೂ ಕೂತು ಕೇಳುವುದಿಲ್ಲ, ಕೆಲಸದ ಜೊತೆಗೆ ಹಾಡು. ಐಪಿ67 ಗುರುತು ಇರುವುದನ್ನೇ ಕೊಳ್ಳಿ: ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಅದರ ಎರಡು ಸ್ಪೀಕರ್‌ಗಳ ನಡುವೆ ಗೇಣಷ್ಟೂ ಅಂತರ ಇರುವುದಿಲ್ಲವಾದ್ದರಿಂದ 'ಸ್ಟೀರಿಯೋ' ಎಂದು ಬರೆದಿದ್ದರೂ ಮೂರು ಹೆಜ್ಜೆ ಆಚೆಗೆ ಅದು ಒಂದೇ ಬಿಂದುವಿನಿಂದ ಬರುವ ಸದ್ದು.

ಸೌಂಡ್‌ಬಾರ್ ಟೀವಿಗಾಗಿ ಹುಟ್ಟಿದ್ದು, ಅಲ್ಲೇ ಇರಲಿ. ಎಚ್‌ಡಿಎಂಐ ಎಆರ್‌ಸಿ ಎಂದು ಬರೆದ ಕಿಂಡಿಗೆ ಜೋಡಿಸಿದರೆ ಟೀವಿಯ ರಿಮೋಟಿನಲ್ಲೇ ವಾಲ್ಯೂಮ್ ನಡೆಯುತ್ತದೆ. ಮನೆಯ ಹಿರಿಯರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ಟೀವಿಗೆ ಬ್ಲೂಟೂತ್‌ನಲ್ಲಿ ಜೋಡಿಸಬೇಡಿ. ಸದ್ದು ಒಂದು ಸೆಕೆಂಡಿನ ಹತ್ತನೇ ಒಂದರಿಂದ ನಾಲ್ಕನೇ ಒಂದು ಭಾಗದಷ್ಟು ತಡವಾಗಿ ಬಂದು ತುಟಿಗೂ ಮಾತಿಗೂ ತಾಳ ತಪ್ಪುತ್ತದೆ.

ಇಲ್ಲಿ ಮನೆಮನೆಯಲ್ಲೂ ಕಾಣುವ 2.1, 4.1 (ಎರಡು ಅಥವಾ ನಾಲ್ಕು ಪುಟ್ಟ ಸ್ಪೀಕರ್, ಜೊತೆಗೊಂದು ಸಬ್‌ವೂಫರ್) ಸೆಟ್‌ಗಳ ಬಗ್ಗೆ ಎಚ್ಚರ. ಪಕ್ಕದ ಪುಟ್ಟ ಸ್ಪೀಕರ್‌ಗಳಲ್ಲಿ ಎರಡು ಮೂರು ಇಂಚಿನ ಕೋನ್ ಇರುತ್ತದೆ. ಅವು ತಗ್ಗಿಗೆ ಇಳಿಯಲಾರವಾದ್ದರಿಂದ 150–200 ಹರ್ಟ್ಸ್‌ವರೆಗಿನದ್ದೆಲ್ಲ ಸಬ್‌ವೂಫರ್ ಪಾಲಿಗೆ ಬರುತ್ತದೆ. ಪರಿಣಾಮ, ಹಾಡುವವರ ಎದೆಯ ದನಿ ಮೂಲೆಯ ಪೆಟ್ಟಿಗೆಯಿಂದ, ತುಟಿಯ ಸದ್ದು ಗೋಡೆಯ ಮೇಲಿನಿಂದ. ಈಗಾಗಲೇ ಇಂಥದ್ದು ಮನೆಯಲ್ಲಿದ್ದರೆ ಸಬ್‌ವೂಫರನ್ನು ಮೂಲೆಯಿಂದ ಎತ್ತಿ ಎರಡು ಪುಟ್ಟ ಸ್ಪೀಕರ್‌ಗಳ ನಡುವೆಯೇ ಇಡಿ, ಅವನ್ನೂ ಹತ್ತಿರಕ್ಕೆ ತನ್ನಿ. ಬಿಡಿಕಾಸಿನ ಖರ್ಚಿಲ್ಲದೆ ಅರ್ಧ ಸಮಸ್ಯೆ ಹೋಗುತ್ತದೆ.

ಕೂತು ಕೇಳುವ ಕೋಣೆಗೆ ಉಳಿಯುವುದು ಎರಡು ದಾರಿ. ಆಂಪ್ಲಿಫಯರ್ ಒಳಗೇ ಇರುವ ಪವರ್ಡ್ ಸ್ಪೀಕರ್ ಜೋಡಿಯಲ್ಲಿ ತಂತಿ ಕಡಿಮೆ, ಹೊಂದಾಣಿಕೆ ಕಂಪನಿಯದೇ, ಜಾಗ ಉಳಿತಾಯ. ಒಳಗಿನ ಬೋರ್ಡ್ ಸುಟ್ಟರೆ ಮಾತ್ರ ಇಡೀ ಸ್ಪೀಕರನ್ನು ಮೈಸೂರಿಗೆ ಹೊರಬೇಕು, ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಬರಿ ಸ್ಪೀಕರ್ ಜೋಡಿ ಮತ್ತು ಬೇರೆ ಆಂಪ್ಲಿಫಯರ್ ಆದರೆ ತಂತಿ ಎಳೆಯುವ ಕೆಲಸವಿದೆ, ಆದರೆ ಸುಟ್ಟದ್ದನ್ನಷ್ಟೇ ಬದಲಿಸಬಹುದು. ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಪೀಕರ್‌ಗೆ ಇರಲಿ. ಸಿಡಿಲೂ ತೇವವೂ ಇರುವ ಈ ಜಿಲ್ಲೆಗೆ ನಮ್ಮ ಆಯ್ಕೆ ಎರಡನೆಯದು. ಪವರ್ಡ್ ಜೋಡಿಯನ್ನೇ ಕೊಳ್ಳುವುದಾದರೆ ಆಕ್ಸ್ (ಹೆಡ್‌ಫೋನ್ ಪಿನ್ನಿನಂಥದ್ದು) ಅಥವಾ ಆರ್‌ಸಿಎ (ಕೆಂಪು–ಬಿಳಿ ಪಿನ್ನಿನದು) ಕಿಂಡಿ ಇದ್ದೇ ಇರಬೇಕು. ಆ್ಯಪ್ ಇಲ್ಲದೆ ಆನ್ ಆಗದ ಯಾವುದನ್ನೂ ಮುಖ್ಯ ಸಿಸ್ಟಂ ಮಾಡಿಕೊಳ್ಳಬೇಡಿ.

ಪೆಟ್ಟಿಗೆಯ ಮೇಲಿನ ಅಂಕಿಗಳು

ಪಿಎಂಪಿಒ ಎಂದು ಬರೆದ ಸಾವಿರಾರು ವಾಟಿಗೆ ಅರ್ಥವಿಲ್ಲ, ಅದು ಕ್ಷಣಮಾತ್ರದ್ದೆಂದು ಹೇಳುವ ಉಬ್ಬಿಸಿದ ಅಂಕಿ. ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ವಾಟ್, ಎಷ್ಟು ಎಂದು ಕೇಳಿ. ಅದನ್ನೂ ಪರೀಕ್ಷಿಸಲು ಸುಲಭದ ದಾರಿ ಅಡಾಪ್ಟರ್. ಅದರ ಮೇಲೆ 19 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಗುಣಿಸಿ: 38 ವಾಟ್. ಗೋಡೆಯಿಂದ 38 ವಾಟ್ ಬರುತ್ತಿರುವಾಗ ಸ್ಪೀಕರಿನಿಂದ ಸತತವಾಗಿ 120 ವಾಟ್ ಹೊರಡಲು ಸಾಧ್ಯವೇ ಇಲ್ಲ.

ಆಂಪ್ಲಿಫಯರ್‌ಗೂ ಇದೇ ಬಗೆಯ ಲೆಕ್ಕ. ವೋಲ್ಟೇಜನ್ನು ಅದರಿಂದಲೇ ಗುಣಿಸಿ, ಸ್ಪೀಕರಿನ ಓಮ್‌ನ ಎರಡರಷ್ಟರಿಂದ ಭಾಗಿಸಿ. 24 ವೋಲ್ಟಿನ ಅಡಾಪ್ಟರ್, 8 ಓಮ್ ಸ್ಪೀಕರ್: 576 ಭಾಗಿಸು 16, ಚಾನೆಲ್‌ಗೆ ಹೆಚ್ಚೆಂದರೆ 36 ವಾಟ್. ಅದೇ ಬೋರ್ಡನ್ನು 12 ವೋಲ್ಟಿಗೆ ಹಾಕಿದರೆ 9 ವಾಟ್. ಟಿಪಿಎ3116 ಚಿಪ್ ಇರುವ ಪುಟ್ಟ ಕ್ಲಾಸ್-ಡಿ (ಕಡಿಮೆ ಕರೆಂಟಿನಲ್ಲಿ, ಹೆಚ್ಚು ಬಿಸಿಯಾಗದೆ ನಡೆಯುವ ಬಗೆಯ) ಆಂಪ್‌ಗಳಿಗೆ '50 ವಾಟ್' ಎಂದು ಬರೆದಿರುವುದು 4 ಓಮ್ ಸ್ಪೀಕರ್ ಮತ್ತು 20ಕ್ಕಿಂತ ಹೆಚ್ಚಿನ ವೋಲ್ಟ್ ಇಟ್ಟುಕೊಂಡು. ಜೊತೆಗೆ ಕೊಡುವ ಅಡಾಪ್ಟರ್ ಎಷ್ಟರದ್ದು ಎಂದು ನೋಡದೆ ಹಣ ಕೊಡಬೇಡಿ. ಅಡಾಪ್ಟರ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತೂ ನೋಂದಣಿ ಸಂಖ್ಯೆಯೂ ಇರಬೇಕು.

ಬ್ಲೂಟೂತ್ ಕೋಡೆಕ್ (ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನ) ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಎಲ್ಲದರಲ್ಲೂ ಇರುವ ಎಸ್‌ಬಿಸಿ ಸಾಮಾನ್ಯವಾಗಿ ಸೆಕೆಂಡಿಗೆ 328 ಕಿಲೋಬಿಟ್‌ವರೆಗೆ ಸಾಗಿಸುತ್ತದೆ, ಎಲ್‌ಡಿಎಸಿ 990ರವರೆಗೆ. ಮಳೆ ಸುರಿಯುವ ಕೋಣೆಯಲ್ಲಿ ಆ ವ್ಯತ್ಯಾಸಕ್ಕಿಂತ ಸ್ಪೀಕರನ್ನು ಅರ್ಧ ಅಡಿ ಸರಿಸಿದ ವ್ಯತ್ಯಾಸವೇ ದೊಡ್ಡದು. ಆದರೆ ಹಳೆಯ ಮನೆಗಳ ದಪ್ಪ ಮಣ್ಣಿನ, ಕಲ್ಲಿನ ಗೋಡೆ ದಾಟುವಾಗ ಬ್ಲೂಟೂತ್ ಸೊರಗುತ್ತದೆ. ಫೋನ್ ಹಿಡಿದವರು ತೋಟಕ್ಕೆ ಇಳಿದರೆ ಹಾಡೂ ಅವರ ಜೊತೆ ಹೋಗುತ್ತದೆ.

ಕಿವಿಯ ಪರೀಕ್ಷೆ

ಅಂಗಡಿಯವರ ಡೆಮೊ ಹಾಡು ಬೇಡ, ನಿಮ್ಮದೇ ಪೆನ್‌ಡ್ರೈವ್ ಒಯ್ಯಿರಿ. ಎರಡು ಸಿಸ್ಟಂ ಹೋಲಿಸುವಾಗ ಫೋನಿನ ಆ್ಯಪ್ ನೋಡಿಕೊಂಡು ಎರಡನ್ನೂ ಒಂದೇ ಮಟ್ಟಕ್ಕೆ ತನ್ನಿ. ಒಂದೆರಡು ಡೆಸಿಬಲ್ ಜೋರಿರುವುದು ಯಾವಾಗಲೂ 'ಚೆನ್ನಾಗಿದೆ' ಎಂದೇ ಕೇಳುತ್ತದೆ.

ಮೊದಲು ಬರಿ ಮಾತು: ವಾರ್ತೆ ಓದುವ ಗಂಡುದನಿ, ಕಡಿಮೆ ವಾಲ್ಯೂಮಿನಲ್ಲಿ. ದನಿ ಕೊಡದೊಳಗಿಂದ ಬಂದಂತಿದ್ದರೆ ಪೆಟ್ಟಿಗೆ ಅನುರಣಿಸುತ್ತಿದೆ, ಅದನ್ನು ಅಲ್ಲೇ ಬಿಡಿ. ಹೆಣ್ಣುದನಿಯಲ್ಲಿ ಸ, ಶ ಅಕ್ಷರಗಳು ಚುಚ್ಚಿದರೆ ಟ್ವೀಟರ್ (ಏರುಸ್ವರದ ಪುಟ್ಟ ಸ್ಪೀಕರ್) ಒರಟು. ಆಮೇಲೆ ತಂಬೂರಿ. ತಂತಿಯಡಿಯ ಜೀವಾಳದ ಎಳೆ ಹುಟ್ಟಿಸುವ ಆ ಸಣ್ಣ ಝೇಂಕಾರ ಸ್ವರದ ಮೇಲೆ ತೆಳ್ಳಗೆ ಹರಡಬೇಕು, ಮಂಜಿನಂತೆ ಕಲಸಿಹೋಗಬಾರದು. ಮೂರನೆಯದು ನಮ್ಮದೇ ದುಡಿ (ಕೊಡವರ ಪುಟ್ಟ ಚರ್ಮವಾದ್ಯ) ಮತ್ತು ವಾಲಗ. ದುಡಿಯ ಪೆಟ್ಟು ಬಿದ್ದ ಕೂಡಲೇ ನಿಲ್ಲಬೇಕು. ಪೆಟ್ಟಿಗೂ ಪೆಟ್ಟಿಗೂ ನಡುವೆ ಮೌನ ಕೇಳಬೇಕು. ಅಲ್ಲಿ 'ಬೂಂ' ತುಂಬಿಕೊಂಡರೆ ಅದು ದುಡಿಯ ನಾದವಲ್ಲ, ಪೆಟ್ಟಿಗೆಯದು. ಕೊಂಬು ಏರುವಾಗ ಕಿವಿ ತಾನಾಗಿ ಹಿಂದೆ ಸರಿದರೆ ಆಂಪ್ಲಿಫಯರ್ ತನ್ನ ಮಿತಿ ಮುಟ್ಟಿದೆ ಎಂದರ್ಥ.

ಕೊನೆಗೆ ವಾಲ್ಯೂಮನ್ನು ಮುಕ್ಕಾಲಿಗೆ ಏರಿಸಿ. ಚಿಕ್ಕ ಬ್ಲೂಟೂತ್ ಸ್ಪೀಕರ್‌ಗಳು ಕಡಿಮೆ ಸದ್ದಿನಲ್ಲಿ ತುಂಬು ಬೇಸ್ ಕೊಟ್ಟು, ಏರಿಸುತ್ತಿದ್ದಂತೆ ಕೋನ್ ಹರಿಯದಿರಲೆಂದು ತಾವೇ ಬೇಸನ್ನು ಕತ್ತರಿಸುತ್ತವೆ. ಮಳೆಗಾಲದಲ್ಲಿ ನೀವು ಬಳಸುವುದು ಈ ಮೇಲಿನ ಭಾಗವನ್ನೇ. ಆದ್ದರಿಂದ ತೀರ್ಮಾನ ಇಲ್ಲಿ ಆಗಬೇಕು. ಆನ್‌ಲೈನಿನಲ್ಲಿ ತರಿಸಿದರೆ ವಾಪಸು ಕೊಡುವ ಅವಧಿಯೊಳಗೇ ಇದನ್ನೆಲ್ಲ ಮುಗಿಸಿ, ರಟ್ಟಿನ ಪೆಟ್ಟಿಗೆಯನ್ನೂ ಥರ್ಮಾಕೋಲನ್ನೂ ಅಲ್ಲಿಯವರೆಗೆ ಎಸೆಯಬೇಡಿ.

ತಂತಿ ಮತ್ತು ಜಾಗ

ದುಬಾರಿ ಸ್ಪೀಕರ್ ಕೇಬಲ್ ಬೇಡ. ಮನೆ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ತಾಮ್ರದ ವೈರ್ ಎರಡೆಳೆ ಸಾಕು. 5 ಮೀಟರ್ ದೂರಕ್ಕೆ ಹೋಗಿ ಬರುವ ಒಟ್ಟು ತಡೆ 0.12 ಓಮ್‌ನಷ್ಟು, 8 ಓಮ್ ಸ್ಪೀಕರಿಗೆ 0.4 ದಾಟದಿದ್ದರೆ ಚಿಂತೆಯಿಲ್ಲ. ತುದಿಯಲ್ಲಿ 10 ಮಿಲಿಮೀಟರ್ ಮಾತ್ರ ಸಿಪ್ಪೆ ಸುಲಿಯಿರಿ. ಎಳೆಗಳನ್ನು ಬೆರಳಿನಿಂದ ಬಿಗಿಯಾಗಿ ಹೊಸೆದು ಟರ್ಮಿನಲ್‌ಗೆ ತೂರಿಸಿ. ಕೂದಲಿನಂಥ ಒಂದೇ ಒಂದು ಎಳೆ ಹೊರಗೆ ಉಳಿದು ಪಕ್ಕದ ಟರ್ಮಿನಲ್ ಮುಟ್ಟಿದರೆ ಆಂಪ್ಲಿಫಯರ್ ಸುಡಬಹುದು. ಟಾರ್ಚ್ ಹಾಕಿ ನೋಡಿಯೇ ಆನ್ ಮಾಡಿ.

ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ವೈರಿನ ಬಣ್ಣ ಕಲಸಿಹೋಗಿದ್ದರೆ, ಆಂಪ್ಲಿಫಯರಿನ ಕಡೆಯ ತುದಿಯನ್ನು ಬಿಚ್ಚಿ ಒಂದು ಟಾರ್ಚ್ ಸೆಲ್ಲಿಗೆ, ಅಂದರೆ 1.5 ವೋಲ್ಟಿಗೆ, ಕ್ಷಣಮಾತ್ರ ತಾಗಿಸಿ. 'ಟಪ್' ಎಂದು ವೂಫರ್ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ ವೈರೇ ಕೆಂಪು. ಒಂದು ಸ್ಪೀಕರ್ ಮಾತ್ರ ತಿರುಗುಮುರುಗಾದರೆ ಒಂದು ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆದು ಬೇಸ್ ಮಾಯವಾಗುತ್ತದೆ, ಹಾಡುವವರು ಎಲ್ಲಿದ್ದಾರೆಂಬುದೇ ತಿಳಿಯುವುದಿಲ್ಲ. 'ಬೇಸ್ ಇಲ್ಲ' ಎಂಬ ದೂರು ಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ.

ಎರಡು ಸ್ಪೀಕರ್ ಮತ್ತು ನಿಮ್ಮ ತಲೆ, ಮೂರೂ ಸಮಭುಜ ತ್ರಿಕೋನ. ಎರಡು ಮೀಟರ್ ಅಂತರವಿಟ್ಟರೆ ಎರಡು ಮೀಟರ್ ದೂರ ಕೂರಿ. ಟ್ವೀಟರ್ ಕೂತವರ ಕಿವಿಯ ಎತ್ತರಕ್ಕೆ, ನೆಲದಿಂದ 90–100 ಸೆಂಟಿಮೀಟರ್. ಶೋಕೇಸಿನೊಳಗೆ ತುರುಕಿದ ಸ್ಪೀಕರ್ ಕೊಡದ ದನಿಯನ್ನೇ ಕೊಡುತ್ತದೆ. ಹಿಂದೆ ತೂತು ಇರುವ ಪೆಟ್ಟಿಗೆಯಾದರೆ ಗೋಡೆಯಿಂದ 20–30 ಸೆಂಟಿಮೀಟರ್ ಮುಂದೆ ಇಡಿ. ಬೇಸ್ ಸಾಲದಿದ್ದರೆ ಗೋಡೆಗೆ ಹತ್ತಿರ, ಹೆಚ್ಚಾದರೆ ದೂರ, ಒಂದೊಂದೇ ಅಂಗುಲ. ಹಲಗೆ ಹಾಸಿದ ಮಹಡಿಯಾದರೆ ಅಡಿಗೆ ದಪ್ಪ ರಬ್ಬರ್ ತುಂಡು ಇಡಿ, ಇಲ್ಲವಾದರೆ ಹಲಗೆಯೇ ನುಡಿಯತೊಡಗುತ್ತದೆ. ಕಿಟಕಿಯ ಗಾಜು, ಗೋಡೆಯ ಫೋಟೋ ಗಿರಗುಟ್ಟುವುದನ್ನು ಹುಡುಕಲು ಟೋನ್ ಆ್ಯಪ್‌ನಲ್ಲಿ 30ರಿಂದ 200 ಹರ್ಟ್ಸ್‌ವರೆಗೆ ನಿಧಾನ ಏರಿಸುತ್ತ ಕೋಣೆ ಸುತ್ತಿ ಬನ್ನಿ.

ಕರೆಂಟ್, ಇನ್ವರ್ಟರ್, ಸಿಡಿಲು

ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಆಂಪ್ಲಿಫಯರ್ ಗುಂಯ್‌ಗುಡುತ್ತದೆ, ಬಿಸಿಯೂ ಆಗುತ್ತದೆ. ಸೈನ್ ವೇವ್ ಇದ್ದರೆ ಆ ತೊಂದರೆಯಿಲ್ಲ. 100–240 ವೋಲ್ಟ್ ಎಂದು ಬರೆದ ಅಡಾಪ್ಟರುಗಳು ಎರಡರಲ್ಲೂ ಸಾಮಾನ್ಯವಾಗಿ ನಡೆಯುತ್ತವೆ. ಫೆಬ್ರವರಿ–ಮಾರ್ಚ್‌ನಲ್ಲಿ ತೋಟಕ್ಕೆ ನೀರು ಹಾಯಿಸುವ ಮೋಟಾರುಗಳು ಓಡಿ ವೋಲ್ಟೇಜ್ ಕುಸಿದಾಗಲೂ ಅವು ಕುಂದುವುದಿಲ್ಲ.

ಇನ್ನೂ ಒಳ್ಳೆಯ ದಾರಿ, ಕ್ಲಾಸ್-ಡಿ ಆಂಪನ್ನು ಇನ್ವರ್ಟರ್ ಬ್ಯಾಟರಿಗೇ ನೇರ ಜೋಡಿಸುವುದು. ಮನೆಗಳಲ್ಲಿರುವ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯ ಅರ್ಧ ಬಳಸಿದರೂ 900 ವಾಟ್-ಅವರ್. 15 ವಾಟ್ ಎಳೆಯುವ ಆಂಪ್ ಅದರಲ್ಲಿ 60 ಗಂಟೆ ನುಡಿಯಬಲ್ಲದು, ದೀಪ ಉರಿಸಿದಷ್ಟು ಕಡಿಮೆಯಾದೀತು ಅಷ್ಟೆ. ಇನ್ವರ್ಟರ್ ಮೂಲಕ ಹೋದರೆ ಅದು ತನಗೆಂದೇ ಸ್ವಲ್ಪ ಕಬಳಿಸುತ್ತದೆ. ಮಾಡುವ ಕ್ರಮ: ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ 5 ಆಂಪಿಯರ್ ಫ್ಯೂಸ್, ಅಲ್ಲಿಂದ 2.5 ಚದರ ಮಿಲಿಮೀಟರ್ ವೈರ್, ಆಂಪಿನ ಹತ್ತಿರ ಒಂದು ಸ್ವಿಚ್. ಸ್ವಿಚ್ ಆಫ್ ಇಟ್ಟೇ ತಂತಿ ಬಿಗಿಯಿರಿ, ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ, ಕಿಡಿ ಸಲ್ಲದು. ಚಾರ್ಜಿಂಗ್ ಹೊತ್ತಿನಲ್ಲಿ ವೋಲ್ಟೇಜ್ 14.4 ಅಥವಾ ಇನ್ನೂ ಮೇಲೆ ಹೋಗುವುದರಿಂದ ಆಂಪ್ 24 ವೋಲ್ಟ್ ತಡೆಯುವಂಥದ್ದಾಗಿರಬೇಕು. ಬರಿ 12 ವೋಲ್ಟಿನ ರೌಟರ್, ಬ್ಲೂಟೂತ್ ರಿಸೀವರುಗಳನ್ನು ಹೀಗೆ ನೇರ ಜೋಡಿಸಬೇಡಿ. ಇದರಲ್ಲಿ ಸಿಗುವುದು 8 ಓಮ್‌ಗೆ 9 ವಾಟ್ ಮಾತ್ರ, ಸುರಿಮಳೆಯ ಮೇಲೆ ಗೆಲ್ಲಲು ಸಾಲದು. ಮಳೆ ಇಳಿದ ರಾತ್ರಿಗೆ ಧಾರಾಳ ಸಾಕು.

ಸಿಡಿಲಿನ ತಿಂಗಳು ಏಪ್ರಿಲ್–ಮೇ. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಡಿಶ್‌ನ ಕೇಬಲ್ ಸೆಟ್‌ಟಾಪ್ ಬಾಕ್ಸಿನಿಂದ ಎಚ್‌ಡಿಎಂಐ ಮೂಲಕ ಸೌಂಡ್‌ಬಾರಿಗೂ ದಾರಿ ಮಾಡಿಕೊಡುತ್ತದೆ, ಅದನ್ನೂ ಬಿಚ್ಚಿ. ಸ್ಪೈಕ್ ಬಸ್ಟರ್ ಕೆಲಸ ಮಾಡುವುದು ಅರ್ಥಿಂಗ್ ಸರಿಯಿದ್ದರೆ ಮಾತ್ರ, ಮತ್ತು ಅರ್ಥ್ ಗುಂಡಿ ಒಣಗಿರುವುದು ಸರಿಯಾಗಿ ಆ ಸಿಡಿಲಿನ ತಿಂಗಳಲ್ಲೇ. ಮಾರ್ಚ್‌ನಿಂದ ವಾರಕ್ಕೊಂದೆರಡು ಕೊಡ ನೀರು ಸುರಿಯಿರಿ. ಕರೆಂಟ್ ಹೋಗಿ ಬಂದಾಗ ಐದು ನಿಮಿಷ ಬಿಟ್ಟು ಪ್ಲಗ್ ಹಾಕಿ.

ನೆಟ್ ಇಲ್ಲದ ದಿನಗಳ ಹಾಡು

ಮೂಲೆ ಸೇರಿದ ಹಳೆಯ ಫೋನೊಂದನ್ನು ಸಿಸ್ಟಂಗೆಂದೇ ಮೀಸಲಿಡಿ, ಆಕ್ಸ್ ಕೇಬಲ್‌ನಲ್ಲಿ ಕಾಯಂ ಜೋಡಿಸಿ. ಇದೇ ನಿಮ್ಮ ಅನುಕೂಲದ ಭಾಗ, ಹಾಳಾದರೆ ಇನ್ನೊಂದು ಹಳೆಯ ಫೋನ್. 320 ಕಿಲೋಬಿಟ್ ಎಂಪಿ3 ಗಂಟೆಗೆ ಸುಮಾರು 144 ಎಂಬಿ ಹಿಡಿಯುತ್ತದೆ, 32 ಜಿಬಿ ಕಾರ್ಡಿನಲ್ಲಿ 200 ಗಂಟೆಗೂ ಮೇಲೆ. ಕಾರ್ಡನ್ನು ಆಂಪಿನ ಯುಎಸ್‌ಬಿ ಕಿಂಡಿಗೆ ಹಾಕುವುದಾದರೆ ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ, ಹಲವು ಆಂಪ್‌ಗಳು ಬೇರೆಯದನ್ನು ಓದುವುದಿಲ್ಲ.

ಎಫ್‌ಎಂ ಇರುವ ಆಂಪ್ ಆರಿಸಿಕೊಳ್ಳಿ. ಆಕಾಶವಾಣಿ ಮಡಿಕೇರಿ 103.1ರಲ್ಲಿ ಕನ್ನಡದ ಜೊತೆ ಕೊಡವ ಭಾಷೆಯ ಕಾರ್ಯಕ್ರಮವೂ ಬರುತ್ತದೆ, ನೆಟ್ಟಿನ ಹಂಗಿಲ್ಲದೆ. ಬೆಟ್ಟದ ಮರೆಯ ಮನೆಗಳಲ್ಲಿ ಕರಕರ ಎಂದರೆ ಜೊತೆಗೆ ಬಂದ ತುಂಡು ತಂತಿಯ ಬದಲು 73 ಸೆಂಟಿಮೀಟರ್ ವೈರನ್ನು ನೆಟ್ಟಗೆ, ಕಿಟಕಿಯ ಪಕ್ಕ ನಿಲ್ಲಿಸಿ. 103.1ರ ಅಲೆಯ ಉದ್ದದ ಕಾಲು ಭಾಗ ಅದು. ಆದರೂ ಹಿಸ್ ಉಳಿದರೆ ಮೋನೋಗೆ ತಿರುಗಿಸಿ, ಮಾತು ಥಟ್ಟನೆ ತಿಳಿಯಾಗುತ್ತದೆ.

ತೇವ

ಮಳೆಗಾಲದಲ್ಲಿ ಸಿಸ್ಟಂಗೆ ಒಳ್ಳೆಯ ಔಷಧಿ ದಿನವೂ ಒಂದು ಗಂಟೆ ಹಾಡಿಸುವುದು. ಒಳಗಿನ ಬಿಸಿಗೆ ತೇವ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಕವರ್ ಹಾಕಿದರೆ ತೇವ ಒಳಗೇ ಸಿಕ್ಕಿಕೊಂಡು ಬೂಷ್ಟು ಹಿಡಿಯುತ್ತದೆ, ಆಫ್ ಇದ್ದಾಗ ಹತ್ತಿಬಟ್ಟೆ ಮುಚ್ಚಿ. ಒಲೆಯ ಹತ್ತಿರ ಬೆಚ್ಚಗಿರಲಿ ಎಂದು ಇಡುವುದೂ ತಪ್ಪು, ಹೊಗೆಯ ಜಿಡ್ಡು ಕೋನಿನ ಮೇಲೆ ಕೂರುತ್ತದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪೆಟ್ಟಿಗೆಯ ಅಡಿ ತೇವದ ನೆಲ ಮುಟ್ಟಿದರೆ ಉಬ್ಬಿ ಮತ್ತೆ ಸರಿಯಾಗದು. ರಬ್ಬರ್ ಪಾದ ಇರಲೇಬೇಕು. ಕೊಳ್ಳುವಾಗಲೇ ಕೋನಿನ ಸುತ್ತಲಿನ ಉಂಗುರ ಮುಟ್ಟಿ ನೋಡಿ: ಸ್ಪಂಜಿನದಾದರೆ ಈ ಹವೆಯಲ್ಲಿ ಕೆಲವು ವರ್ಷಕ್ಕೆ ಪುಡಿಯಾಗುತ್ತದೆ, ರಬ್ಬರಿನದು ಬಾಳುತ್ತದೆ.

ಅಕ್ಟೋಬರ್‌ನಲ್ಲಿ ಬಿಸಿಲು ಬಂದ ಮೇಲೆ ಅರ್ಧ ದಿನ ಇದಕ್ಕೆ ಕೊಡಿ. ಜಾಲರಿಯ ಬಟ್ಟೆ ಬಿಚ್ಚಿ ಬಿಸಿಲಿಗೆ ಹಾಕಿ, ಸ್ಪೀಕರನ್ನಲ್ಲ. ವಾಲ್ಯೂಮ್ ತಿರುಗಿಸುವಾಗ ಕರಕರ ಬಂದರೆ ಪ್ಲಗ್ ಕಿತ್ತು ಗುಬುಟನ್ನು ಆ ತುದಿಯಿಂದ ಈ ತುದಿಗೆ 20–30 ಸಲ ತಿರುಗಿಸಿ. ಹೋಗದಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್. ಸೀಮೆಎಣ್ಣೆ, ತೆಂಗಿನೆಣ್ಣೆ ಬೇಡವೇ ಬೇಡ. ಆರ್‌ಸಿಎ ಪಿನ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ತಂತಿಯ ತುದಿ ಹಸಿರುಗಟ್ಟಿದ್ದರೆ ಕತ್ತರಿಸಿ ಹೊಸದಾಗಿ ಸುಲಿಯಿರಿ. ಹಿಂದಿನ ತೂತಿಗೆ ಟಾರ್ಚ್ ಹಾಕಿ ನೋಡಿ. ಕುಂಬಾರ ಹುಳ ಅದರಲ್ಲಿ ಮಣ್ಣಿನ ಗೂಡು ಕಟ್ಟಿದ್ದರೆ ಆ ಸ್ಪೀಕರಿನ ಬೇಸ್ ಮಾತ್ರ ಕುಗ್ಗಿರುತ್ತದೆ. ಗೂಡನ್ನು ಒಳಕ್ಕೆ ತಳ್ಳದೆ, ಪೆಟ್ಟಿಗೆಯನ್ನು ತೂತು ಕೆಳಗಾಗುವಂತೆ ಬೋರಲು ಹಿಡಿದು, ಕಡ್ಡಿಯಿಂದ ಸ್ವಲ್ಪ ಸ್ವಲ್ಪವೇ ಕೆರೆದು ಬೀಳಿಸಿ.